ಅಪ್ಪನ ಅಳತೆ

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆಯ ಹೊಲಗಳನ್ನು ನೋಡಬೇಕು. ಆಳಂದ, ಅಫಜಲಪುರ, ಜೇವರ್ಗಿ, ಯಾವ ದಾರಿ ಹಿಡಿದು ಹೋದರೂ ಕರಿ ಎರೆಯ ನಡುವೆ ಬಣ್ಣ ಬಣ್ಣದ ಸೀರೆಗಳು ಕಾಣುತ್ತವೆ. ಬುಟ್ಟಿಗಳಲ್ಲಿ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಶೇಂಗಾ ಹೋಳಿಗೆ. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಭೂಮಿತಾಯಿಗೆ ಉಣ್ಣಿಸಿ ನಾವು ಉಣ್ಣುತ್ತೇವೆ. ಇದಕ್ಕಾಗಿ ನಾಲ್ಕು ದಿನ ಮೊದಲಿನಿಂದ ರೊಟ್ಟಿ ಬಡಿದವರು ಹೆಂಗಸರು, ಬುಟ್ಟಿ ಹೊತ್ತವರು ಹೆಂಗಸರು, ಆ ಹೊಲದ ಕಳೆ ತೆಗೆದವರೂ ಹೆಂಗಸರೇ. ಆದರೆ ಅದೇ ಹೊಲದ ಪಹಣಿ ತೆಗೆಸಿ ನೋಡಿ. ಒಂಬತ್ತನೆಯ ಕಲಮಿನಲ್ಲಿ ಅವರ ಹೆಸರು ಸಿಕ್ಕರೆ ನಿಮ್ಮ ಪುಣ್ಯ!

ಈ ಮಾತನ್ನು ನಾನು ಹೇಳಬಾರದು. ಯಾಕೆಂದರೆ ನಾನು ಜಮೀನಿನ ವಕೀಲರ ಮಗಳು. ಊರವರು ಈಗಲೂ ನನ್ನನ್ನು ಟೀಚರಬಾಯಿ ಎನ್ನುವುದಕ್ಕಿಂತ ಹೆಚ್ಚಾಗಿ ‘ವಕೀಲರ ಮಗಳು’ ಎಂದೇ ಗುರುತಿಸುತ್ತಾರೆ. ಆ ಹೆಸರಿನಿಂದ ನನಗೆ ಸಿಕ್ಕ ಮರ್ಯಾದೆ ಸಣ್ಣದಲ್ಲ. ಆದರೂ ಕೆಲವು ತಿಂಗಳಿಂದ ಒಂದು ಪ್ರಶ್ನೆ ನನ್ನನ್ನು ರಾತ್ರಿ ಎಬ್ಬಿಸಿ ಕೂಡಿಸುತ್ತಿದೆ. ಹೊರಗೆ ನ್ಯಾಯವಂತನಾಗಿ ಬಾಳಿದ ಮನುಷ್ಯ ಮನೆಯೊಳಗೆ ಆ ನ್ಯಾಯವನ್ನು ಮರೆತರೆ, ಅವನನ್ನು ನ್ಯಾಯವಂತನೆಂದು ಕರೆಯಬಹುದೆ?

ಅಪ್ಪ ಹುಟ್ಟಿದ್ದು 1938ರಲ್ಲಿ, ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ. ಆಗ ನಮ್ಮದು ನಿಜಾಮರ ರಾಜ್ಯ. ಅಪ್ಪ ಕಲಿತದ್ದು ಉರ್ದುವಿನಲ್ಲಿ. ಅವರಿಗೆ ಹತ್ತು ವರ್ಷವಾಗಿದ್ದಾಗ, 1948ರ ಸೆಪ್ಟೆಂಬರಿನಲ್ಲಿ, ಪೊಲೀಸ್ ಕಾರ್ಯಾಚರಣೆ ಆಗಿ ಹೈದರಾಬಾದ ಸಂಸ್ಥಾನ ಭಾರತಕ್ಕೆ ಸೇರಿತು. ಮರುವರ್ಷ ಜಾಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದದ ಗೇಣಿ ಕಾಯ್ದೆ ಬಂತು. 1956ರ ನವೆಂಬರ್ 1ಕ್ಕೆ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. ಎಂಟು ವರ್ಷದಲ್ಲಿ ರಾಜ್ಯ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು, ಕಾಯ್ದೆ ಬದಲಾಯಿತು. ಬದಲಾಗದೆ ಉಳಿದದ್ದು ಹೊಲ ಮತ್ತು ಅದರ ಜಗಳ. ಉರ್ದು ಕಾಗದ ಓದಬಲ್ಲ, ಕನ್ನಡದಲ್ಲಿ ತಿಳಿಸಿ ಹೇಳಬಲ್ಲ ವಕೀಲನಿಗೆ ಅಂಥ ಕಾಲದಲ್ಲಿ ಎಷ್ಟು ಬೆಲೆ ಇದ್ದಿರಬೇಕು, ನೀವೇ ಎಣಿಸಿ.

ಹಳ್ಳಿಯ ಹುಡುಗರು ಕರಿ ಕೋಟು ತೊಡಲು ಶುರು ಮಾಡಿದ ತಲೆಮಾರು ಅದು. ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ 1936ರಲ್ಲಿ ಹುಟ್ಟಿದ ಧರಂಸಿಂಗ್ ಅವರು ಹೈದರಾಬಾದಿನಲ್ಲಿ ಕಾಯ್ದೆ ಓದಿ ಬಂದವರು. ಮುಂದೆ ಜೇವರ್ಗಿಯಿಂದಲೇ ಮತ್ತೆ ಮತ್ತೆ ಆರಿಸಿ ಬಂದು 2004ರಲ್ಲಿ ಮುಖ್ಯಮಂತ್ರಿಯಾದರು. ಬೀದರ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆಯವರು ಕಲಬುರಗಿಯಲ್ಲಿ ಕಾಯ್ದೆ ಓದಿ ವಕೀಲರಾದವರು. ನಮ್ಮಪ್ಪನಿಗೆ ರಾಜಕೀಯದ ಗೀಳು ಇರಲಿಲ್ಲ. ಅವರ ಲೋಕ ಮೂರು ತಹಶೀಲ ಕಚೇರಿಗಳು, ಕಲಬುರಗಿಯ ಕೋರ್ಟು, ಮತ್ತೆ ಹಳ್ಳಿಯ ದನದ ದೊಡ್ಡಿ.

ದನ ಎಂದರೆ ಅಪ್ಪನಿಗೆ ಪ್ರಾಣ. ದೊಡ್ಡಿಯಲ್ಲಿ ಇಪ್ಪತ್ತಕ್ಕೆ ಕಡಿಮೆ ಇಲ್ಲದಂತೆ ದೇವಣಿ ತಳಿಯ ಆಕಳು, ಎತ್ತು, ಹೋರಿಗಳು. ಮೈ ಬೆಳ್ಳಗೆ, ಮುಖ ಕಪ್ಪಗೆ ಇರುವವು ಕೆಲವು. ಮೈಯೆಲ್ಲ ಕರಿ ಮಚ್ಚೆ ಇರುವವು ಕೆಲವು. ಶನಿವಾರ ಊರಿಗೆ ಹೋದವರು ಕೋಟು ಬಿಚ್ಚುವ ಮೊದಲೇ ದೊಡ್ಡಿಗೆ ಹೋಗಿ ಒಂದೊಂದರ ಗಂಗೆದೊಗಲು ಸವರಿ ಬರುತ್ತಿದ್ದರು. ಕಾರ ಹುಣ್ಣಿಮೆಗೆ ಎತ್ತುಗಳ ಕೋಡಿಗೆ ತಾವೇ ಬಣ್ಣ ಹಚ್ಚಬೇಕು. ‘ವಕೀಲರ ದನ’ ಎಂದರೆ ಸುತ್ತಲ ಹಳ್ಳಿಗಳಲ್ಲಿ ಹೆಸರುವಾಸಿ.

ಇನ್ನು ಅಪ್ಪನ ದೊಡ್ಡತನದ ಕಥೆ. ಇದನ್ನು ಅವ್ವ ನನಗೆ ನೂರು ಸಲ ಹೇಳಿದ್ದಾಳೆ.

ದೇವರಾಜ ಅರಸರ ಸರಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಆ ದಿನದಿಂದ ಸರಕಾರದ್ದು. ಉಳುತ್ತಿದ್ದವನು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರೆ, ಭೂನ್ಯಾಯ ಮಂಡಳಿ ವಿಚಾರಿಸಿ ಅವನಿಗೆ ಹಕ್ಕು ಕೊಡುತ್ತಿತ್ತು. ಉಪವಿಭಾಗಾಧಿಕಾರಿಗಳು ಅಧ್ಯಕ್ಷರು, ಸರಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಇಲ್ಲವೆ ಪಂಗಡದವರು ಇರಬೇಕು. ಈ ಮಂಡಳಿಯ ಮುಂದೆ ವಕೀಲರು ನಿಲ್ಲುವಂತಿರಲಿಲ್ಲ! ಹಣವುಳ್ಳವನು ದೊಡ್ಡ ವಕೀಲನನ್ನು ಕಟ್ಟಿಕೊಂಡು ಬಂದರೆ ಓದು ಬಾರದ ಗೇಣಿದಾರನ ಗತಿಯೇನು? ಆ ನಿರ್ಬಂಧವನ್ನು ಸುಪ್ರೀಂ ಕೋರ್ಟು 1987ರಲ್ಲಿ ತೆಗೆದುಹಾಕಿತು. ಅಲ್ಲಿಯವರೆಗೆ ಜಮೀನಿನ ವಕೀಲನಾದ ನಮ್ಮಪ್ಪ ಜಮೀನಿನ ದೊಡ್ಡ ಪಂಚಾಯತಿಗೇ ಹೊರಗಿನವರು. ಮನೆಯ ಜಗುಲಿಯ ಮೇಲೆ ಕೂತು, ಬಂದವರಿಗೆ 7ನೇ ನಮೂನೆ ತುಂಬಿಕೊಡುತ್ತಿದ್ದರು. ಬಡವರಿಂದ ದುಡ್ಡು ಮುಟ್ಟುತ್ತಿರಲಿಲ್ಲ.

ಒಂದು ದಿನ ಹೀಗೆ ಬಂದು ನಿಂತವನು ನಮ್ಮದೇ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಹಿರಿಯ. ನಮ್ಮ ಮುತ್ಯಾ ಅವನಿಗೆ ಎಂಟು ಎಕರೆ ಪಾಲಿಗೆ ಹಾಕಿ ಹದಿನಾರು ವರ್ಷವಾಗಿತ್ತು. ಕಾಗದ ಪತ್ರ ಏನೂ ಇರಲಿಲ್ಲ, ಎಲ್ಲ ಬಾಯಿಮಾತು. ಅವನು ತಲೆ ಬಗ್ಗಿಸಿ, “ಯಪ್ಪಾ, ನಿಮ್ಮ ಹೊಲದ ಅರ್ಜಿ ನಿಮ್ಮ ಕೈಲೆ ಬರಸ್ಲಿಕ್ಕೆ ಬಂದೀನಿ. ಬ್ಯಾರೆಯವರ ಕಡಿ ಹೋಗ್ಲಿಕ್ಕೆ ಮನಸು ಬರಲಿಲ್ಲ” ಅಂದನಂತೆ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, ಪೆನ್ನು ತೆಗೆದು ಬರೆದರಂತೆ.

ಮಂಡಳಿಯಲ್ಲಿ ಮುತ್ಯಾ ತಕರಾರು ಹಾಕಿದ. ಸಾಕ್ಷಿಗೆ ಅಪ್ಪನನ್ನು ಕರೆದರು. ‘ಅವನು ಕೂಲಿ ಆಳು, ಪಾಲಿನವನಲ್ಲ’ ಎಂದು ಒಂದು ಮಾತು ಹೇಳಿದ್ದರೆ ಎಂಟು ಎಕರೆ ಉಳಿಯುತ್ತಿತ್ತು. ಎಷ್ಟೋ ಮನೆಗಳಲ್ಲಿ ಹಾಗೆಯೇ ಹೇಳಿ ಉಳಿಸಿಕೊಂಡರು. ಅಪ್ಪ ನಿಂತು, “ಹದಿನಾರು ವರ್ಷದಿಂದ ಇವನೇ ಮಾಡ್ಲಿಕ್ಕತ್ಯಾನ. ನಾವು ರಾಶಿ ದಿನ ಮಾತ್ರ ಹೋಗ್ತಿದ್ದೆವು” ಅಂದರು. ಹೊಲ ಹೋಯಿತು. “ಮನಿಗೆ ಬೆಳಕಾಗ್ತಾನಂತ ಓದಿಸಿದ್ರ, ಮನಿ ಮುರದಿ” ಅಂದ ಮುತ್ಯಾ ಸಾಯುವವರೆಗೂ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆ ದಿನಗಳಲ್ಲಿ ಅಪ್ಪ ಮೇಲಿಂದ ಮೇಲೆ ಕಡಿದಾಳ್ ಮಂಜಪ್ಪನವರ ಹೆಸರು ಹೇಳುತ್ತಿದ್ದರಂತೆ. ತೀರ್ಥಹಳ್ಳಿ ತಾಲೂಕಿನ ಹಳ್ಳಿಯ ಒಕ್ಕಲು ಮನೆತನದಲ್ಲಿ ಹುಟ್ಟಿದವರು, ವಕೀಲರು, ಸ್ವಾತಂತ್ರ್ಯ ಹೋರಾಟಗಾರರು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ ಕಾಲ ಅದು. ಅದರ ಬೆನ್ನಿಗೇ 1952ರಲ್ಲಿ ಮೈಸೂರಿನಲ್ಲಿ ಗೇಣಿ ಕಾಯ್ದೆ ಬಂತು, ಆಮೇಲೆ ಇನಾಂ ರದ್ದತಿ ಆಯಿತು. ಕಂದಾಯ ಮಂತ್ರಿಯಾಗಿ ಅದರ ಹಿಂದೆ ನಿಂತವರು ಮಂಜಪ್ಪನವರು. 1956ರಲ್ಲಿ ಎರಡೂವರೆ ತಿಂಗಳಷ್ಟೇ ಮುಖ್ಯಮಂತ್ರಿಯಾಗಿದ್ದು ಅಕ್ಟೋಬರ್ 31ಕ್ಕೆ ಇಳಿದರು. ಮರುದಿನವೇ ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ್ದು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ನನಸಾಗದ ಕನಸು’. “ಹೊಲದ ಮನ್ಯಾಗ ಹುಟ್ಟಿದ ವಕೀಲನೇ ಹೊಲದ ನ್ಯಾಯ ಮಾಡಬೇಕು. ಹೊರಗಿನವನಿಗೆ ಎಲ್ಲಿ ಚುಚ್ಚತದ ಗೊತ್ತಾಗಂಗಿಲ್ಲ” ಎನ್ನುವುದು ಅಪ್ಪನ ಮಾತು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಆ ಮನೆಯಲ್ಲಿ ನನ್ನ ಅತ್ತಿಯೂ ಇದ್ದಳು.

ಅಪ್ಪನಿಗೆ ಇಬ್ಬರು ತಂಗಿಯರು. ಸಣ್ಣಾಕೆಯನ್ನು ಸೊಲ್ಲಾಪುರದ ಕಡೆ ಕೊಟ್ಟಿತ್ತು. ದೊಡ್ಡಾಕೆ ಇಪ್ಪತ್ತೆರಡರಲ್ಲಿ ಗಂಡನನ್ನು ಕಳಕೊಂಡು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಅಪ್ಪನ ಹೆಸರುವಾಸಿ ದೊಡ್ಡಿಯ ಹೆಂಡಿ ಬಳಿದವಳು ಅವಳು. ನಸುಕಿನಲ್ಲಿ ಹಿಂಡಿದವಳು, ಈದ ಆಕಳ ಪಕ್ಕ ರಾತ್ರಿ ಲಾಟೀನು ಹಿಡಿದು ಕೂತವಳು, ಕಣಕಿ ಹೊತ್ತವಳು ಅವಳು. ಮುತ್ಯಾ ತೀರಿಹೋದ ವರ್ಷ, ಉಳಿದ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವಾಗ ಅಪ್ಪ ಇಬ್ಬರು ತಂಗಿಯರಿಂದಲೂ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡರು. 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಪ್ಪನ ಆಸ್ತಿಯ ಪಾಲಿನಲ್ಲಿ ಹೆಣ್ಣುಮಕ್ಕಳಿಗೂ ಅಂಶವಿದೆ ಎಂದು ಮೂರು ತಾಲೂಕಿಗೆ ತಿಳಿಸಿ ಹೇಳುತ್ತಿದ್ದ ವಕೀಲರೇ, “ಇಲ್ಲಿ ಒತ್ತವ್ವ” ಎಂದು ಮಸಿ ಡಬ್ಬಿ ಮುಂದೆ ಹಿಡಿದರು. ಅತ್ತಿ ಒತ್ತಿದಳು. ಅದಕ್ಕೆ ಪ್ರತಿಯಾಗಿ ಆಕೆಗೆ ಒಂದು ಇಳಕಲ್ ಸೀರೆ. ಆ ಸೀರೆಯನ್ನು ಆಕೆ ಬಹಳ ಹೆಮ್ಮೆಯಿಂದ ಉಟ್ಟದ್ದು ನನಗೆ ನೆನಪಿದೆ. ಸಾಯುವವರೆಗೂ ಆಕೆಯ ಬಾಯಲ್ಲಿ ‘ನಮ್ಮಣ್ಣನ ದನ’, ‘ನಮ್ಮಣ್ಣನ ಹೊಲ’.

ಇನ್ನು ನನ್ನ ಸರದಿ. ನನ್ನ ಲಗ್ನವಾದದ್ದು 1991ರಲ್ಲಿ. 1994ರಲ್ಲಿ ಕರ್ನಾಟಕದಲ್ಲಿ ಹೊಸ ಕಾಯ್ದೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು. ಆದರೆ ಕಾಯ್ದೆ ಜಾರಿಗೆ ಬರುವ ಮೊದಲೇ ಲಗ್ನವಾದವರಿಗೆ ಇಲ್ಲ. ಆ ವರ್ಷ ಪಂಚಮಿಗೆ ತವರಿಗೆ ಹೋದಾಗ ಅಪ್ಪ ನಗುತ್ತಾ, “ನಿನ್ನದು ಮೂರು ವರ್ಷದಾಗ ತಪ್ಪಿತು ನೋಡು ಮಗಳ” ಅಂದಿದ್ದರು. ನಾನೂ ನಕ್ಕಿದ್ದೆ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು, ಲಗ್ನವಾದವರಿಗೂ ಆ ಹಕ್ಕು ಸಿಕ್ಕಿತು. ಆಗ ಅಪ್ಪ ಏನೂ ಹೇಳಲಿಲ್ಲ. ಕಕ್ಷಿದಾರರ ಹೆಣ್ಣುಮಕ್ಕಳಿಗೆಲ್ಲ ಹೇಳಿದರು. ಅವರ ಕೈಯಲ್ಲಿ ತಮ್ಮ ಹಕ್ಕು ಪಡೆದ ಇಬ್ಬರು ಹೆಣ್ಣುಮಕ್ಕಳು ನನಗೆ ಗೊತ್ತು. ನನಗೆ ಮಾತ್ರ ಈ ಸುದ್ದಿ ಗೊತ್ತಾದದ್ದು ಸ್ಟಾಫ್ ರೂಮಿನಲ್ಲಿ, ಸಹೋದ್ಯೋಗಿಯೊಬ್ಬರು ಪೇಪರ್ ಓದಿ ಹೇಳಿದಾಗ.

ನನಗೆ ಬೇಸರವಾದದ್ದು ಹೊಲ ಸಿಗಲಿಲ್ಲವೆಂದಲ್ಲ. ಅಪ್ಪನ ಆ ಮೌನಕ್ಕೆ. 1994ರಲ್ಲಿ ಹಕ್ಕು ಇಲ್ಲವೆಂದು ಹೇಳಲು ಬಂದ ಬಾಯಿ 2005ರಲ್ಲಿ ಹಕ್ಕು ಇದೆಯೆಂದು ಹೇಳಲು ಏಕೆ ಬರಲಿಲ್ಲ? ಅಪ್ಪ 2016ರಲ್ಲಿ ತೀರಿಕೊಂಡರು. ನಾನೂ ಕೇಳಲಿಲ್ಲ.

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ಗಾದೆ ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಅಪ್ಪ ಮನೆಗೆ ಮಾರಿಯಾಗಿರಲಿಲ್ಲವಲ್ಲ! ಅತ್ತಿಯನ್ನು ಒಂದು ದಿನ ಗದರಿಸಿದವರಲ್ಲ. ನನ್ನನ್ನು ಬಿ.ಎ., ಬಿ.ಇಡಿ. ಓದಿಸಿದರು, ಆ ಕಾಲದಲ್ಲಿ ನಮ್ಮ ಹಳ್ಳಿಯಿಂದ ಅಷ್ಟು ಓದಿದ ಹುಡುಗಿ ನಾನೊಬ್ಬಳೇ. ಹಾಗಾದರೆ ತಪ್ಪು ಎಲ್ಲಾಯಿತು? ನಾನು ಬಹಳ ಯೋಚಿಸಿದ್ದೇನೆ. ಪಾಲಿನವನು ಅಪ್ಪನಿಗೆ ಹೊರಗಿನವನು. ಅವನ ಬೆವರು ಅಪ್ಪನಿಗೆ ದೂರದಿಂದ ಕಂಡಿತು, ದೂರದಿಂದ ನೋಡಿದ್ದರಿಂದ ಪೂರಾ ಕಂಡಿತು. ತಂಗಿಯ ಬೆವರು ಮನೆಯ ಗಾಳಿಯ ಹಾಗೆ. ಇದ್ದೇ ಇರುತ್ತದೆ, ಕಾಣುವುದಿಲ್ಲ. ಪ್ರೀತಿಸುವವರಿಗೆ ನಾವು ಊಟ, ಬಟ್ಟೆ, ಸೀರೆ ಎಲ್ಲ ಕೊಡುತ್ತೇವೆ. ಆದರೆ ಅವರಿಗೂ ಒಂದು ಹಕ್ಕು ಇದೆಯೆಂದು ಹೊಳೆಯುವುದೇ ಇಲ್ಲ. ಪ್ರೀತಿ ಇರುವಲ್ಲಿ ನ್ಯಾಯ ಬೇಡ ಎಂದು ನಂಬಿಬಿಡುತ್ತೇವೆ.

ಆ ಕಾಲದ ಘೋಷಣೆಯನ್ನೇ ನೋಡಿ: ‘ಊಳುವವನೇ ಹೊಲದೊಡೆಯ’. ಹೆಣ್ಣು ನೇಗಿಲು ಮುಟ್ಟಬಾರದೆಂಬುದು ನಮ್ಮ ಹಳ್ಳಿಗಳ ಹಳೆಯ ಕಟ್ಟು. ಬಿತ್ತುವಾಗ ಬೀಜ ಬಿಡಬಹುದು, ಕಳೆ ಕೀಳಬಹುದು, ಕೊಯ್ಯಬಹುದು, ತೂರಬಹುದು, ಆದರೆ ಉಳುವಂತಿಲ್ಲ. ಅಂದರೆ ಊಳುವವಳು ಎಂಬ ಮಾತೇ ಹುಟ್ಟದಂತೆ ಕಟ್ಟು ಮಾಡಿಟ್ಟು, ಆಮೇಲೆ ಊಳುವವನಿಗೆ ಹೊಲ ಎಂದೆವು! ಕಾಯ್ದೆಯಲ್ಲಿ ‘ಸ್ವಂತ ಸಾಗುವಳಿ’ಗೆ ಅರ್ಥ ಹೇಳುವಾಗ ಕುಟುಂಬದವರ ದುಡಿಮೆಯನ್ನೂ ಸೇರಿಸಿದ್ದಾರೆ. ಒಳ್ಳೆಯದೇ. ಆದರೆ ಹೆಂಡತಿಯ, ತಂಗಿಯ ದುಡಿಮೆ ಲೆಕ್ಕಕ್ಕೆ ಬಂದರೂ ಜಮೆಯಾದದ್ದು ಯಜಮಾನನ ಖಾತೆಗೆ. ನಮ್ಮ ಎಂಟು ಎಕರೆ ಪಡೆದ ಆ ಹಿರಿಯನ ಹೆಂಡತಿಯೂ ಹದಿನಾರು ವರ್ಷ ಅದೇ ಹೊಲದ ಕಲ್ಲು ಆಯ್ದವಳು. ಹಕ್ಕುಪತ್ರ ಬಂದದ್ದು ಗಂಡನ ಹೆಸರಿಗೆ.

ಈಗ ನಾನು ಮೊದಲು ಹೇಳಿದ ಪ್ರಶ್ನೆ ನನ್ನ ಬಾಗಿಲಿಗೇ ಬಂದು ನಿಂತದ್ದನ್ನು ಹೇಳುತ್ತೇನೆ. ಕೆಲವು ತಿಂಗಳ ಹಿಂದೆ ಅಣ್ಣ ಆಳಂದಕ್ಕೆ, ನಮ್ಮ ಮನೆಗೆ ಬಂದ. ಹೊಲ ಇನ್ನೂ ಅಪ್ಪನ ಹೆಸರಲ್ಲೇ ಇದೆ, ಪೌತಿ ಖಾತೆ ಮಾಡಿಸಬೇಕು ಎಂದು ಕಾಗದ ಮುಂದಿಟ್ಟ. ಹಕ್ಕುಬಿಡುಗಡೆ ಪತ್ರ. “ಒಂದು ಸಹಿ ಅಷ್ಟೆ ತಂಗಿ” ಅಂದ. ಅತ್ತಿಗೆ ಹೆಬ್ಬೆಟ್ಟು, ನನಗೆ ಸಹಿ. ನಮ್ಮ ಮನೆತನದ ಹೆಣ್ಣುಮಕ್ಕಳು ಮುಂದುವರಿದದ್ದು ಇಷ್ಟೇ ಏನು ಎಂದು ನಗು ಬಂತು. “ನೋಡಿ ಹೇಳ್ತೀನಿ ಅಣ್ಣಾ” ಎಂದೆ. ಅವನ ಮುಖ ಸಪ್ಪಗಾಯಿತು.

ಶಾಲೆಯಲ್ಲಿ ಗೆಳತಿಯ ಹತ್ತಿರ ಹೇಳಿಕೊಂಡೆ. ಆಕೆ, “ಬಿಡಬ್ಯಾಡ್ರಿ. 2020ರಾಗ ಸುಪ್ರೀಂ ಕೋರ್ಟು ಮತ್ತ ಸ್ಪಷ್ಟ ಮಾಡ್ಯದ, ಮಗಳಿಗಿ ಹುಟ್ಟಿನಿಂದ ಹಕ್ಕು ಅದ” ಅಂದಳು. ನಿಜ. ಆದರೆ ಅಪ್ಪ ಪಾಲಿನವನಿಗೆ ಹಿಡಿದ ಅಳತೆ ನನಗೆ ಗೊತ್ತಲ್ಲ! ಹೊಲದಲ್ಲಿ ಯಾರ ಬೆವರು ಬಿದ್ದಿದೆ ಎಂಬ ಅಳತೆ. ಅದನ್ನು ನನಗೇ ಹಿಡಿದುಕೊಂಡೆ. ಮೂವತ್ತು ವರ್ಷದಿಂದ ನಾನು ತಿಂಗಳ ಪಗಾರ ತಗೊಂಡವಳು. ಎಳ್ಳ ಅಮಾವಾಸ್ಯೆಗೆ ಹೋಗಿ ಉಂಡು ಬಂದವಳು. ಮುತ್ಯಾ ರಾಶಿ ದಿನ ಮಾತ್ರ ಹೋಗುತ್ತಿದ್ದ ಹಾಗೆ! ಆ ಹೊಲದಲ್ಲಿ ನನ್ನ ಬೆವರಿಲ್ಲ. ಅಣ್ಣನದಿದೆ. ಅಣ್ಣನಿಗಿಂತ ಹೆಚ್ಚಿಗೆ ವೈನಿಯದಿದೆ. ತೊಗರಿ ಕೊಯ್ಲಿನಲ್ಲಿ, ಹತ್ತಿ ಬಿಡಿಸುವಾಗ, ಉಳಿದಿರುವ ನಾಲ್ಕು ದೇವಣಿ ಆಕಳ ಸೇವೆಯಲ್ಲಿ, ಅತ್ತಿ ಬಿಟ್ಟುಹೋದ ಜಾಗದಲ್ಲೇ ವೈನಿ ನಿಂತಿದ್ದಾಳೆ. ಕಾಯ್ದೆಯ ಅಳತೆಯಲ್ಲಿ ಹೊಲ ನನ್ನದೂ ಹೌದು, ವೈನಿಯದು ಅಲ್ಲ. ಬೆವರಿನ ಅಳತೆಯಲ್ಲಿ ವೈನಿಯದು, ನನ್ನದಲ್ಲ.

“ಹಂಗಾದ್ರ ಸಹಿ ಮಾಡಿಬಿಡ್ರಿ” ಎಂದಳು ಗೆಳತಿ. ಆಮೇಲೆ ಅವಳೇ, “ಬೆಂಗಳೂರಾಗ ಕೂತ ಗಂಡುಮಗನಿಗಿ ಯಾರೂ ಬೆವರಿನ ಲೆಕ್ಕ ಕೇಳಂಗಿಲ್ಲ. ಹೆಣ್ಣುಮಗಳಿಗಿ ಮಾತ್ರ ಯಾಕ?” ಅಂದಳು. ಆ ಮಾತು ನನ್ನನ್ನು ತಡೆಯಿತು. ಹೌದು, ನಮಗೆ ಹಕ್ಕು ಬಂದ ಕೂಡಲೇ ತ್ಯಾಗದ ಪಾಠ ಶುರುವಾಗುತ್ತದೆ. ತವರು ಬೇಕಾದರೆ ಹೊಲ ಬಿಡು, ಪಂಚಮಿಗೆ ಕರೆಯಬೇಕಾದರೆ ಸಹಿ ಮಾಡು. ನಮ್ಮಲ್ಲಿ ಎಷ್ಟು ಜನ ಹೀಗೆ ಸಹಿ ಮಾಡಿಲ್ಲ? ‘ನನಗ್ಯಾಕ ಬೇಕು’ ಎಂದು ದೊಡ್ಡ ಮನಸ್ಸಿನವರ ಹಾಗೆ ಹೇಳಿದ್ದೇವೆ. ಒಳಗೆ ಇದ್ದದ್ದು ದೊಡ್ಡ ಮನಸ್ಸೋ, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯೋ, ನಮಗೇ ಗೊತ್ತು.

ಕೊನೆಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಬಿಡುವುದು ಬೇರೆ, ಕೊಡುವುದು ಬೇರೆ. ಹಕ್ಕುಬಿಡುಗಡೆಗೆ ಸಹಿ ಮಾಡಿದರೆ ನಾನು ಏನನ್ನೂ ಕೊಟ್ಟಂತಾಗುವುದಿಲ್ಲ. ನನ್ನದು ಏನೂ ಇರಲಿಲ್ಲವೆಂದು ಒಪ್ಪಿದಂತಾಗುತ್ತದೆ. ಕೊಡಬೇಕಾದರೆ ಅದು ಮೊದಲು ನನ್ನದಾಗಿರಬೇಕು. ಅದಕ್ಕೇ ಅಣ್ಣನಿಗೆ ಫೋನು ಮಾಡಿ ಹೇಳಿದೆ: “ವಾರಸುದಾರರೊಳಗ ನನ್ನ ಹೆಸರೂ ಬರಸು. ಬಂದ ಮ್ಯಾಲ ನನ್ನ ಪಾಲು ನಾನು ವೈನಿ ಹೆಸರಿಗಿ ದಾನಪತ್ರ ಮಾಡಿಕೊಡ್ತೀನಿ. ಹೊಲ ನಿಮ್ಮ ಮನ್ಯಾಗೇ ಉಳೀತದ.” ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನನ್ನ ಮ್ಯಾಲ ವಿಶ್ವಾಸ ಇಲ್ಲೇನು?” ಅಂದ. ಅಣ್ಣಾ, ಇದು ವಿಶ್ವಾಸದ ಮಾತಲ್ಲ, ಲೆಕ್ಕದ ಮಾತು ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಫೋನು ಇಟ್ಟುಬಿಟ್ಟ.

ಹಾಗಾದರೆ ಅಪ್ಪ ನ್ಯಾಯವಂತರೇ? ಈಗ ನಾನು ಹೌದು ಎನ್ನುತ್ತೇನೆ, ಆದರೆ ಪೂರಾ ಅಲ್ಲ. ಸ್ವಂತ ಎಂಟು ಎಕರೆ ಹೋಗುವಾಗಲೂ ಸತ್ಯ ಹೇಳಿದ ಮನುಷ್ಯನ ನ್ಯಾಯವನ್ನು, ತಂಗಿಯ ಹೆಬ್ಬೆಟ್ಟು ತಗೊಂಡ ಎಂಬ ಕಾರಣಕ್ಕೆ ಸುಳ್ಳೆಂದು ಹೇಳಲಾರೆ. ಅವರ ಅಳತೆ ಸರಿಯಾಗಿತ್ತು. ಅಳೆಯುತ್ತಾ ಬಂದು ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟರು. ಅವರ ತಪ್ಪನ್ನು ಕಂಡುಹಿಡಿಯಲು ನನಗೆ ಸಿಕ್ಕಿದ್ದೂ ಅವರದೇ ಅಳತೆ. ಒಂದು ತಲೆಮಾರು ಹೊಸ್ತಿಲವರೆಗೆ ತಂದದ್ದನ್ನು ಮುಂದಿನ ತಲೆಮಾರು ಒಳಗೆ ತರಬೇಕು. ನಾನೇನೂ ಅಪ್ಪನಿಗಿಂತ ದೊಡ್ಡವಳಲ್ಲ. ನನ್ನ ಕಣ್ಣಿಗೂ ಕಾಣದ ಯಾರದೋ ಬೆವರು ನನ್ನ ಮನೆಯಲ್ಲೂ ಇದ್ದೀತು. ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಮುಸುರೆ ತಿಕ್ಕುವವಳ ಮುಖ ಈ ಸಾಲು ಬರೆಯುವಾಗ ನೆನಪಾಗುತ್ತಿದೆ. ನಾಳೆ ನನ್ನ ಮಗಳು ಕೇಳಲಿ.

ಅಣ್ಣ ಇನ್ನೂ ಮಾತಾಡಿಲ್ಲ. ಆದರೆ ಹೋದ ವಾರ ಮಧ್ಯಾಹ್ನ, ಅವನು ಹೊಲಕ್ಕೆ ಹೋದ ಹೊತ್ತು ನೋಡಿ, ವೈನಿ ಫೋನು ಮಾಡಿದ್ದಳು. ಆಕಳು ಈದದ್ದು, ಕರ ಕರಿ ಮುಖದ್ದು, ಹೆಣ್ಣಗರ, ಇದನ್ನೆಲ್ಲ ಹೇಳಿ, ಆಮೇಲೆ ದನಿ ಸಣ್ಣ ಮಾಡಿ ಕೇಳಿದಳು: “ತಂಗೀ, ಪಹಣ್ಯಾಗ ಹೆಸರು ಬರಸೋದಾದ್ರ ತವರುಮನಿ ಅಡ್ಡಹೆಸರು ಬರಸ್ತಾರೋ, ಇಲ್ಲಿದು ಬರಸ್ತಾರೋ?”

ಆಧಾರ ಕಾರ್ಡಿನಲ್ಲಿ ಇರುವ ಹಾಗೆ ಬರೆಸುತ್ತಾರೆ ವೈನಿ ಎಂದು ಹೇಳಿದೆ. “ಹೌದೇನು” ಎಂದು ಇಟ್ಟಳು. ಈ ಸಲ ಎಳ್ಳ ಅಮಾವಾಸ್ಯೆಗೆ ಅಣ್ಣ ಕರೆಯುತ್ತಾನೋ ಇಲ್ಲವೋ ತಿಳಿಯದು. ಕರೆಯದಿದ್ದರೂ ಹೋಗಬೇಕೆಂದು ಮಾಡಿದ್ದೇನೆ. ಎರಡು ದಿನ ಮೊದಲೇ, ರೊಟ್ಟಿ ಬಡಿಯುವ ಹೊತ್ತಿಗೆ.